ಅಟ್ಟದ ಮೇಲಿನ ಟ್ರಂಕು ಮತ್ತು ಒಂಟಿಕೊಪ್ಪಲಿನ ಆಕಾಶವಾಣಿ

ಕಳೆದ ಭಾನುವಾರ ನಮ್ಮ ಜಯಲಕ್ಷ್ಮಿಪುರಂನಲ್ಲಿ ಬೆಳಗಿನಿಂದಲೇ ಆಷಾಢದ ಜಿಟಿಜಿಟಿ ಮಳೆ. ಪತ್ರಿಕೆಯನ್ನು ಎರಡು ಸಲ ಓದಿಯಾಗಿತ್ತು, ಪದಬಂಧವನ್ನು ಅರ್ಧಕ್ಕೆ ಬಿಟ್ಟಾಗಿತ್ತು, ಎರಡನೆಯ ಲೋಟ ಕಾಫಿಯೂ ಮುಗಿದಿತ್ತು. ನಿವೃತ್ತನಾದವನಿಗೆ ಎಲ್ಲ ದಿನವೂ ಭಾನುವಾರವೇ. ಆದರೂ ನಿಜವಾದ ಭಾನುವಾರದ ಸೋಮಾರಿತನಕ್ಕೆ ಬೇರೆಯದೇ ರುಚಿಯಿದೆ. ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಅದನ್ನು ಸವಿಯುತ್ತಿದ್ದಾಗ ನನ್ನ ಶ್ರೀಮತಿಯ ದನಿ ಕೇಳಿಸಿತು.

"ಏನೂಂದ್ರೆ, ಅಟ್ಟದಲ್ಲಿ ಗೆದ್ದಲು ಹತ್ತೋ ಹಾಗಿದೆ. ನಿಮ್ಮ ಆ ಕರೀ ಟ್ರಂಕನ್ನ ಇಳಿಸಿ ನೋಡ್ತೀರೋ, ಇಲ್ಲಾ ಗುಜರಿಯವನಿಗೆ ಹಾಕ್ಬಿಡ್ಲೋ?"

ಗುಜರಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಸೋಮಾರಿತನ ಹಾರಿಹೋಯಿತು. ಏಣಿ ಹಾಕಿ, ಮೊಮ್ಮಗನ ಸಹಾಯದಿಂದ ಟ್ರಂಕನ್ನು ಇಳಿಸಿದೆ. ಒಳಗೆ ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟ ಶಾರ್ಟ್‌ವೇವ್ ರಿಸೀವರ್, ಹಿತ್ತಾಳೆಯ ಮಾರ್ಸ್ ಕೀ, ಎರಡು ಲಾಗ್ ಪುಸ್ತಕಗಳು, 807 ಎಂಬ ಸಂಖ್ಯೆಯ ಒಂದು ವಾಲ್ವು, ಮತ್ತು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ಕ್ಯೂಎಸ್ಎಲ್ ಕಾರ್ಡುಗಳ ಕಟ್ಟು ಇದ್ದವು. ರಬ್ಬರ್ ಬ್ಯಾಂಡು ಮುಟ್ಟಿದೊಡನೆ ಪುಡಿಯಾಯಿತು.

"ತಾತ, ಇದೇನು?" ಎಂದು ಮೊಮ್ಮಗ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ. ನನ್ನಲ್ಲಿ ವಿಜ್ಞಾನ, ಗಣಿತ ಕಲಿತವರಿಗೆ ಈ ವಿಷಯ ಅಲ್ಪಸ್ವಲ್ಪ ಗೊತ್ತಿರಬಹುದು. ನೆಂಟರಿಷ್ಟರಿಗೆ ಮಾತ್ರ ನಾನು ರಾತ್ರಿ ಹೊತ್ತು ಕೋಣೆಯಲ್ಲಿ ಕುಳಿತು 'ಕುಯ್ ಕುಯ್' ಎನ್ನಿಸುತ್ತಿದ್ದುದಷ್ಟೇ ನೆನಪಿರಬೇಕು.

ಆ ಹವ್ಯಾಸದ ಹೆಸರು ಹವ್ಯಾಸಿ ರೇಡಿಯೋ. ರೂಢಿಯಲ್ಲಿ ಹ್ಯಾಮ್ ರೇಡಿಯೋ ಎನ್ನುತ್ತಾರೆ. ಸರಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ಸ್ವಂತ ಪ್ರೇಷಕದಿಂದ ಜಗತ್ತಿನ ಇತರ ಹವ್ಯಾಸಿಗಳೊಡನೆ ಮಾತನಾಡುವುದು ಇದರ ಸ್ವರೂಪ. ಹಣಕ್ಕಾಗಿ ಮಾಡುವಂತಿಲ್ಲ, ವ್ಯಾಪಾರದ ಮಾತು ಆಡುವಂತಿಲ್ಲ. ನಾನು ಬಿ.ಎಡ್. ಮುಗಿಸಿ ಶಾಲೆಗೆ ಸೇರಿದ ಹೊಸದರಲ್ಲಿ, ನಮ್ಮ ಬಡಾವಣೆಯ ಹಿರಿಯರೊಬ್ಬರ ಮನೆಯಲ್ಲಿ ಈ ಹುಚ್ಚು ಹತ್ತಿಕೊಂಡಿತು. ಅವರು ಊಟದ ಮೇಜಿನ ಮೇಲೆ ಚಮಚದಿಂದ ತಟ್ಟುತ್ತಾ ನನಗೆ ಮಾರ್ಸ್ ಲಿಪಿ ಕಲಿಸಿದರು. ನಿಮಿಷಕ್ಕೆ ಐದು ಪದಗಳ ವೇಗದಲ್ಲಿ ಬರೆದುಕೊಳ್ಳುವಷ್ಟಾದಾಗ, 1984ರಲ್ಲಿ, ಎರಡನೆಯ ದರ್ಜೆಯ ಪರವಾನಗಿ ಕೈಗೆ ಬಂತು.

ಆ ಕಾಲದಲ್ಲಿ ಸಿದ್ಧ ಯಂತ್ರ ಕೊಳ್ಳುವ ಶಕ್ತಿ ಮೇಷ್ಟರಿಗೆಲ್ಲಿ? ಹಳೆಯ ಸಾಮಾನುಗಳಲ್ಲಿ ಸಿಕ್ಕಿದ 807 ವಾಲ್ವಿನ ಸುತ್ತ ಪ್ರೇಷಕವನ್ನು ಕೈಯಾರೆ ಕಟ್ಟಿಕೊಂಡೆ. ಏರಿಯಲ್ಲಿನ ಲೆಕ್ಕ ಒಂಬತ್ತನೆಯ ತರಗತಿಯ ಹುಡುಗರೂ ಮಾಡಬಹುದಾದದ್ದು. ಅಲೆಯ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ. 7 ಮೆಗಾಹರ್ಟ್ಸ್‌ಗೆ ಅದು ಸುಮಾರು 43 ಮೀಟರ್. ಅದರ ಅರ್ಧಕ್ಕಿಂತ ತುಸು ಕಡಿಮೆ, ಎಂದರೆ ಸುಮಾರು 20 ಮೀಟರ್ ತಾಮ್ರದ ತಂತಿ ಬೇಕು. ಒಂದು ತುದಿಯನ್ನು ಹಿತ್ತಲಿನ ತೆಂಗಿನ ಮರಕ್ಕೂ ಇನ್ನೊಂದನ್ನು ತಾರಸಿಯ ಕಂಬಕ್ಕೂ ಕಟ್ಟಿದೆ. ಬಟ್ಟೆ ಒಣಗಿಸಲು ಅಷ್ಟು ಎತ್ತರದಲ್ಲಿ ತಂತಿಯೇಕೆ ಎಂದು ನಮ್ಮ ಅತ್ತೆಯವರು ಬಹಳ ದಿನ ಕೇಳುತ್ತಿದ್ದರು.

ಈ ಹವ್ಯಾಸದ ಚರಿತ್ರೆಯೇ ಒಂದು ಸ್ವಾರಸ್ಯ. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳುಹಿಸಿದ ಮೇಲೆ ಸರಕಾರಗಳೂ ಹಡಗು ಕಂಪನಿಗಳೂ ಉದ್ದ ಅಲೆಗಳನ್ನೆಲ್ಲ ತಮ್ಮದಾಗಿಸಿಕೊಂಡವು. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಗಿಡ್ಡವಾದ ಅಲೆಗಳಿಗೆ ಅಟ್ಟಿತು. ಅವು ದೂರ ಹೋಗಲಾರವು, ಕೆಲಸಕ್ಕೆ ಬಾರದವು ಎಂಬುದು ಅಂದಿನ ತಜ್ಞರ ನಂಬಿಕೆ. ಹಾಳುಭೂಮಿ ಪಾಲಿಗೆ ಬಂದ ಒಕ್ಕಲಿಗನಂತೆ ಹವ್ಯಾಸಿಗಳು ಅಲ್ಲಿಯೇ ಉಳುಮೆ ಮಾಡಿದರು. 1921ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳ ಸಂಕೇತಗಳು ಸ್ಕಾಟ್ಲೆಂಡಿನಲ್ಲಿ ಕೇಳಿಸಿದವು. 1923ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ದೆಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಸುಮಾರು 100 ಮೀಟರಿನ ಅಲೆಯಲ್ಲಿ ಸಾಗರದ ಈ ದಡದಿಂದ ಆ ದಡಕ್ಕೆ ಪರಸ್ಪರ ಮಾತನಾಡಿದರು. ಭೂಮಿಯ ಮೇಲ್ವಾತಾವರಣದ ಅಯಾನುಮಂಡಲವು ಈ ಗಿಡ್ಡ ಅಲೆಗಳನ್ನು ಬಾಗಿಸಿ ಮರಳಿ ನೆಲಕ್ಕೆ ಕಳುಹಿಸುತ್ತದೆ. ನಿಷ್ಪ್ರಯೋಜಕವೆಂದು ಬಿಟ್ಟುಕೊಟ್ಟದ್ದೇ ಮುಂದೆ ಜಗತ್ತಿನ ಶಾರ್ಟ್‌ವೇವ್ ಪ್ರಸಾರದ ಹೆದ್ದಾರಿಯಾಯಿತು.

ನಮ್ಮ ದೇಶದಲ್ಲಿಯೂ ಪ್ರಸಾರಕ್ಕೆ ದಾರಿ ತೋರಿದವರು ಹವ್ಯಾಸಿಗಳೇ. 1924ರಲ್ಲಿ ಸಿ.ವಿ. ಕೃಷ್ಣಸ್ವಾಮಿ ಶೆಟ್ಟಿಯವರ ಮುಂದಾಳುತನದಲ್ಲಿ ಮದ್ರಾಸಿನ ರೇಡಿಯೋ ಕ್ಲಬ್ಬು ಪ್ರಸಾರ ಆರಂಭಿಸಿತು. ಹಣ ಸಾಲದೆ ಮೂರು ವರ್ಷಗಳಲ್ಲಿ ನಿಂತಿತು. 1927ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಖಾಸಗಿ ಪ್ರಸಾರ ಕಂಪನಿಯೂ 1930ರಲ್ಲಿ ಮುಳುಗಿತು. ಆಮೇಲೆ ಸರಕಾರ ಅದನ್ನು ವಹಿಸಿಕೊಂಡಿತು. ಆದರೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದು 1936ರ ಜೂನಿನಲ್ಲಿ.

ಅದಕ್ಕೂ ಒಂಬತ್ತು ತಿಂಗಳು ಮುಂಚೆ ನಮ್ಮ ಪಕ್ಕದ ಒಂಟಿಕೊಪ್ಪಲಿನ ಒಂದು ಮನೆಯಿಂದ ಮೈಸೂರಿಗೆ ಪ್ರಸಾರ ಆರಂಭವಾಗಿತ್ತು.

ಆ ಮನೆಯ ಹೆಸರು 'ವಿಠ್ಠಲ ವಿಹಾರ'. ಮನೆಯ ಯಜಮಾನರು ಡಾ. ಎಂ.ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಕಲ್ಕತ್ತೆಯದನ್ನು ಬಿಟ್ಟರೆ ದೇಶಕ್ಕೆ ಅದೇ ಎರಡನೆಯದು. ಇಂಥವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ, ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕದಿಂದ, ಬಾನುಲಿ ಪ್ರಸಾರ ಆರಂಭಿಸಿದರು. 30 ವ್ಯಾಟ್ ಎಂದರೆ ನಮ್ಮ ಕಾಲದ ಬಚ್ಚಲುಮನೆಯ ನಲವತ್ತರ ಬಲ್ಬಿಗಿಂತ ಕಡಿಮೆ! ಮೊದಲ ದಿನ ಕುವೆಂಪು ಅವರ ಕವಿತಾವಾಚನವಾಯಿತೆಂದು ಮೈಸೂರಿನ ಹಳಬರು ಹೇಳುತ್ತಾರೆ. ಪ್ರಸಾರಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು. ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂಬುದು ಬಹುಮಂದಿಯ ಮಾತು.

ಪ್ರಾಧ್ಯಾಪಕರು ಅದನ್ನು ಕೆಲವು ವರ್ಷ ತಮ್ಮ ಖರ್ಚಿನಿಂದಲೇ ನಡೆಸಿದರೆಂದು ಕೇಳಿದ್ದೇನೆ. ಮುಂದೆ 250 ವ್ಯಾಟ್ ಪ್ರೇಷಕ ಬಂತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವು ನಿಲಯವನ್ನು ವಹಿಸಿಕೊಂಡಿತು, ಬಳಿಕ ನಿಲಯ ಯಾದವಗಿರಿಗೆ ಹೋಯಿತು. 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋದಾಗ ಮೈಸೂರು ಮೂಕವಾಯಿತು. ಮತ್ತೆ ನಮ್ಮೂರಿಗೆ ಸ್ವಂತ ನಿಲಯ ಬಂದದ್ದು 1974ರಲ್ಲಿ, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ. ಇತ್ತ ಒಂಟಿಕೊಪ್ಪಲಿನ ಮನೆಯಲ್ಲಿ ಮೊದಲು ಬಳಕೆಗೆ ಬಂದ ಹೆಸರನ್ನು 1957ರಲ್ಲಿ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. 2023ರ ಮೇ ತಿಂಗಳಲ್ಲಿ 'ಆಲ್ ಇಂಡಿಯಾ ರೇಡಿಯೋ' ಎಂಬುದನ್ನು ಕೈಬಿಟ್ಟು ಎಲ್ಲೆಡೆಯೂ 'ಆಕಾಶವಾಣಿ' ಎಂದೇ ಬಳಸಬೇಕೆಂದು ಆದೇಶವಾಯಿತು.

ಈ ಚರಿತ್ರೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಆದರೆ ಆ ಭಾನುವಾರ ಟ್ರಂಕಿನ ಮುಂದೆ ಕುಳಿತಾಗ, ಅದರಲ್ಲಿ ನನಗೇ ಒಂದು ಪಾಠವಿದ್ದುದು ತಡವಾಗಿ ಹೊಳೆಯಿತು. ಗೋಪಾಲಸ್ವಾಮಿಯವರಿಗಿಂತ ಯಂತ್ರಜ್ಞಾನ ಹೆಚ್ಚು ಬಲ್ಲವರು ಆ ಕಾಲದಲ್ಲಿ ಇದ್ದಿರಬಹುದು. ಅವರ ದೊಡ್ಡಸ್ತಿಕೆ ಇರುವುದು, ಅವರೂ ನಮ್ಮಂತೆಯೇ ಒಬ್ಬ ಅಧ್ಯಾಪಕರಾಗಿದ್ದು, ತಮ್ಮ ಹವ್ಯಾಸಕ್ಕೆ ಮನೆಯ ಬಾಗಿಲು ತೆರೆದಿಟ್ಟು ಊರಿನವರನ್ನು ಒಳಗೆ ಕರೆದದ್ದರಲ್ಲಿ. ನಾನು ಬಾಗಿಲು ಹಾಕಿಕೊಂಡು ಕುಳಿತವನು.

ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಓದುವವರು ನನ್ನ ವಿದ್ಯಾರ್ಥಿಗಳೇ ಆದ್ದರಿಂದ ಬರೆಯಲೇಬೇಕು. 1993ರ ಮಳೆಗಾಲದ ಒಂದು ದಿನ ಮೇಷ್ಟರೊಬ್ಬರು ರಜೆಯಲ್ಲಿದ್ದರು. ಖಾಲಿ ಪೀರಿಯಡ್ಡಿನಲ್ಲಿ ಹತ್ತನೆಯ ತರಗತಿಯ ಗಲಾಟೆ ಅಡಗಿಸಲು ನಾನು ಕಪ್ಪುಹಲಗೆಯ ಮೇಲೆ ಮಾರ್ಸ್ ಲಿಪಿಯನ್ನು ಬರೆದು ತೋರಿಸಿದೆ. ಮರುವಾರ ಹಿಂದಿನ ಬೆಂಚಿನ ಒಬ್ಬ ಹುಡುಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಷ್ಟನ್ನೂ ಬರೆದುಕೊಂಡು ಬಾಯಿಪಾಠ ಮಾಡಿ ಬಂದಿದ್ದ. "ಸಾರ್, ನಿಮ್ಮನೇಲಿ ಒಂದ್ಸಲ ಕೇಳ್ಬೋದಾ ಸಾರ್?" ಎಂದ. ಅವನು ಗಣಿತದಲ್ಲಿ ಹಿಂದುಳಿದಿದ್ದ. "ಮೊದಲು ಎಸ್ಸೆಸ್ಸೆಲ್ಸಿ ಮುಗಿಸು, ಆಮೇಲೆ ನೋಡೋಣ" ಎಂದೆ. ಇನ್ನೆರಡು ಸಲ ಕೇಳಿದ, ಎರಡು ಸಲವೂ ಅದೇ ಉತ್ತರ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿಯೇ ನಪಾಸಾಗಿ ಶಾಲೆಯನ್ನು ಮರೆತ. ನಾನೂ ಅವನನ್ನು ಕರೆಯಲಿಲ್ಲ. ಅಂಕಗಳ ಲೆಕ್ಕದಲ್ಲಿ ನಾನು ಹೇಳಿದ್ದು ತಪ್ಪಲ್ಲದಿರಬಹುದು. ಆದರೆ ಕಲಿಯಬೇಕೆಂದು ತಾನಾಗಿಯೇ ಬಂದ ಹುಡುಗನಿಗೆ ಕಲಿಸದೆ ಕಳುಹಿಸಿದ ಮೇಷ್ಟರು ನಾನು.

ನನ್ನ ಹವ್ಯಾಸವೂ ಬಹಳ ಕಾಲ ಬಾಳಲಿಲ್ಲ. 1987ರಲ್ಲಿ ದೂರದರ್ಶನದ 'ರಾಮಾಯಣ' ಧಾರಾವಾಹಿ ಆರಂಭವಾದಾಗಲೇ ಅಪಶಕುನವಾಗಿತ್ತು. ಭಾನುವಾರ ಬೆಳಿಗ್ಗೆ ನಾನು ಕೀ ಒತ್ತಿದಾಗಲೆಲ್ಲ ಪಕ್ಕದ ಮನೆಯ ಟಿ.ವಿ.ಯಲ್ಲಿ ಶ್ರೀರಾಮಚಂದ್ರನ ಮುಖದ ಮೇಲೆ ಗೆರೆಗಳು ಓಡುತ್ತಿದ್ದವಂತೆ. "ಮೇಷ್ಟ್ರೇ, ರಾವಣನಿಗಿಂತ ನಿಮ್ಮ ಕಾಟ ಹೆಚ್ಚಾಯ್ತು" ಎಂದು ಪಕ್ಕದ ಮನೆಯ ಯಜಮಾನರು ನಗುತ್ತಲೇ ಹೇಳಿದರು. ಭಾನುವಾರ ಬೆಳಗಿನ ಪ್ರಸಾರ ನಿಲ್ಲಿಸಿದೆ. ಆಮೇಲೆ ಮಗಳ ಓದು, ವರ್ಗಾವಣೆ, ಪರೀಕ್ಷಾ ಪತ್ರಿಕೆಗಳ ರಾಶಿ. ತೆಂಗಿನ ಮರ ಒಣಗಿತೆಂದು ಕಡಿಸಿದಾಗ ಏರಿಯಲ್ಲೂ ಇಳಿಯಿತು. ಪರವಾನಗಿಯನ್ನು ನವೀಕರಿಸುವುದನ್ನು 'ನಾಳೆ, ನಾಳೆ' ಎಂದು ಮುಂದೂಡಿ, ಕೊನೆಗೆ ಬಿಟ್ಟೇಬಿಟ್ಟೆ. ಲಾಗ್ ಪುಸ್ತಕದ ಕೊನೆಯ ದಾಖಲೆ 1998ರದು.

ಪರವಾನಗಿಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಸ್ವರಾಜ್ಯಕ್ಕೆ ಮುಂಚೆ ಸರಕಾರಕ್ಕೆ ಈ ಪುಟ್ಟ ಪೆಟ್ಟಿಗೆಗಳ ಬಗೆಗೆ ವಿಪರೀತ ಭಯವಿತ್ತು. 1939ರಲ್ಲಿ ಯುದ್ಧ ಆರಂಭವಾದಾಗ ಹವ್ಯಾಸಿಗಳ ಪರವಾನಗಿಗಳನ್ನೆಲ್ಲ ರದ್ದುಪಡಿಸಿದರು. ಆ ಭಯ ನಿರಾಧಾರವಾಗಿರಲಿಲ್ಲ. 1942ರ ಆಗಸ್ಟ್ 27ರಿಂದ ನವೆಂಬರ್ 12ರವರೆಗೆ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಗುಪ್ತವಾಗಿ 'ಕಾಂಗ್ರೆಸ್ ರೇಡಿಯೋ' ನಡೆಸಿ, ಪತ್ರಿಕೆಗಳು ಅಚ್ಚುಹಾಕಲಾಗದ ಸುದ್ದಿಯನ್ನು ಜನರಿಗೆ ಮುಟ್ಟಿಸಿದರು. ಜಾಗ ಬದಲಿಸುತ್ತಾ ನಡೆಸಿದ ಆ ಪ್ರಸಾರ ಸುಮಾರು ಎರಡೂವರೆ ತಿಂಗಳು ಬಾಳಿತು. ಆಕೆಗೆ ಸೆರೆವಾಸವಾಯಿತು. ಆಕೆಯ ಆ ಎರಡೂವರೆ ತಿಂಗಳ ಮುಂದೆ, ಸ್ವತಂತ್ರ ದೇಶ ಕೊಟ್ಟ ಪರವಾನಗಿಯನ್ನು ಸೋಮಾರಿತನದಿಂದ ಕಳೆದುಕೊಂಡ ನನ್ನ ಇಷ್ಟು ವರ್ಷಗಳನ್ನು ಇಟ್ಟು ನೋಡಿ ನಾಚಿಕೆಪಟ್ಟೆ.

ನಾನು ಟ್ರಂಕು ಮುಚ್ಚಿಟ್ಟಿದ್ದ ಕಾಲದಲ್ಲಿ ಹವ್ಯಾಸಿಗಳು ಸುಮ್ಮನಿರಲಿಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆ, ಬಹುಕಾಲದಿಂದ ಹವ್ಯಾಸಿಗಳಿಗೆ ಅವಕಾಶವಿರದಿದ್ದ ಅಂಡಮಾನಿಗೆ ಅನುಮತಿ ಪಡೆದು, ಸಂಗಡಿಗರೊಡನೆ ಪೋರ್ಟ್‌ಬ್ಲೇರಿಗೆ ಹೋಗಿ ಜಗತ್ತಿನೊಡನೆ ಮಾತನಾಡುತ್ತಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು. ದ್ವೀಪಗಳ ದೂರವಾಣಿ ವ್ಯವಸ್ಥೆ ಕುಸಿದಾಗ, ಆಟಕ್ಕೆಂದು ಕೊಂಡೊಯ್ದಿದ್ದ ಆ ಯಂತ್ರಗಳೇ ಹೊರಲೋಕಕ್ಕೆ ಸುದ್ದಿ ಮುಟ್ಟಿಸಿದವು. ಮರುವರ್ಷ, 2005ರ ಮೇ 5ರಂದು, ಇಸ್ರೋ ಸಂಸ್ಥೆಯು ಹವ್ಯಾಸಿಗಳಿಗೆಂದೇ 42.5 ಕಿಲೋ ತೂಕದ 'ಹ್ಯಾಮ್‌ಸ್ಯಾಟ್' ಉಪಗ್ರಹವನ್ನು ಹಾರಿಸಿತು. ಅದು 2014ರವರೆಗೆ ಕೆಲಸ ಮಾಡಿತು. ಹೈದರಾಬಾದಿನ ಅಶ್‌ಹರ್ ಫರ್ಹಾನ್ ಅವರು 2003ರ ಸುಮಾರಿಗೆ 'ಬಿಟ್‌ಎಕ್ಸ್' ಎಂಬ ಅಗ್ಗದ ಯಂತ್ರದ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಅದನ್ನು ಜಗತ್ತಿನಾದ್ಯಂತ ಜನ ಮನೆಯಲ್ಲಿಯೇ ಕಟ್ಟಿಕೊಂಡರು. ಇವರೆಲ್ಲ ಒಂಟಿಕೊಪ್ಪಲಿನ ಪ್ರಾಧ್ಯಾಪಕರ ಹಾದಿಯವರೇ. ತಮಗೆ ಗೊತ್ತಿದ್ದುದನ್ನು ಬಚ್ಚಿಡಲಿಲ್ಲ.

ಭಾನುವಾರ ಮಧ್ಯಾಹ್ನ ರಿಸೀವರನ್ನು ಒರೆಸಿ ಪ್ಲಗ್ಗಿಗೆ ಹಾಕಿದೆ. ಜೇನುಹುಳು ಗುಯ್‌ಗುಟ್ಟಿದಂಥ ಒಂದೇ ಸದ್ದು. ಕೆಪಾಸಿಟರ್ ಒಣಗಿಹೋಗಿದೆಯೆಂದು ತಿಳಿಯಿತು. ಆದರೆ ಬೆಸುಗೆ ಹಾಕುವಷ್ಟು ಕೈಯೂ ಕಣ್ಣೂ ಈಗ ಸ್ಥಿರವಾಗಿಲ್ಲ. ಸೋಮವಾರ ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಕಾಳಿದಾಸ ರಸ್ತೆ ದಾಟಿ, ಬೇಕೆಂದೇ ಸುತ್ತು ಹಾಕಿ, ಆಕಾಶವಾಣಿಯ ಮುಂದಿನಿಂದ ಹೋದೆ. ವಿಠ್ಠಲ ವಿಹಾರವಿದ್ದ ಜಾಗಕ್ಕೂ ಈಗಿನ ನಿಲಯಕ್ಕೂ ಕೂಗಳತೆಯ ದೂರ. ಇಷ್ಟೆಲ್ಲ ಸುತ್ತಾಟದ ನಂತರ ಆ ದನಿ ಹುಟ್ಟಿದ ಜಾಗದ ಪಕ್ಕದಲ್ಲಿಯೇ ಇದೆಯೆಂಬುದು ನೆನಪಾಗಿ ಒಂದು ಕ್ಷಣ ನಿಂತೆ.

ರೇಡಿಯೋ ರಿಪೇರಿಯವನ ಅಂಗಡಿ ಎಂದರೆ ಈಗ ಮೊಬೈಲು, ಮಿಕ್ಸಿಗಳ ಅಂಗಡಿ. ನಾನು ಹೋದದ್ದು ಅದೇ ಹುಡುಗನ ಅಂಗಡಿಗೆ. ಹುಡುಗನೆಂದರೂ ಈಗ ಅವನ ಮೀಸೆ ನರೆತಿದೆ. ಅವನು ಈ ಕೆಲಸದಲ್ಲಿದ್ದಾನೆಂದು ನನಗೆ ಮೊದಲೇ ಗೊತ್ತಿತ್ತು, ಆ ದಾರಿಯಲ್ಲಿ ಹೋಗುವಾಗ ದೂರದಿಂದಲೇ ಕೈಯೆತ್ತಿ ಮುಂದೆ ಸಾಗುತ್ತಿದ್ದೆ. ಅವನು ಸ್ಟೂಲು ಒರೆಸಿ ಕೂರಿಸಿದ, ಟೀ ತರಿಸಿದ. ರಿಸೀವರಿನ ಮುಚ್ಚಳ ಬಿಚ್ಚಿ ಅರ್ಧ ಗಂಟೆಯಲ್ಲಿ ಮೂರು ಕೆಪಾಸಿಟರ್ ಬದಲಿಸಿದ. ಬೆಸುಗೆಯ ಹೊಗೆಯ ವಾಸನೆಗೆ ನನಗೆ ಇಪ್ಪತ್ತೈದು ವರ್ಷದ ಪ್ರಾಯ ಮರಳಿದಂತಾಯಿತು. ಹಣ ತೆಗೆದುಕೊಳ್ಳಲಿಲ್ಲ.

ಏಳುವ ಮುನ್ನ ಧೈರ್ಯಮಾಡಿ ಹೇಳಿದೆ: "ನೀನು ಹತ್ತನೇ ಕ್ಲಾಸಿನಲ್ಲಿ ಮನೆಗೆ ಬರ್ತೀನಿ ಅಂದಾಗ ನಾನು ಬೇಡ ಅಂದಿದ್ದೆ ಕಣಪ್ಪ. ಅದು ನನ್ನ ಮನಸ್ಸಿನಲ್ಲೇ ಉಳಿದಿದೆ."

ಅವನು ಸ್ಕ್ರೂ ತಿರುಗಿಸುತ್ತಲೇ, "ಅದೆಲ್ಲ ಎಲ್ಲಿ ನೆನಪಿರತ್ತೆ ಸಾರ್. ಬೋರ್ಡ್ ಮೇಲೆ ಬರೆದಿದ್ದು ನೆನಪಿದೆ" ಎಂದ. ನಿಜವಾಗಿ ಮರೆತಿದ್ದನೋ, ಮೇಷ್ಟರ ಮುಖ ನೋಡಿ ಹಾಗೆಂದನೋ ತಿಳಿಯಲಿಲ್ಲ. ನಾನೂ ಕೆದಕಲಿಲ್ಲ.

ಅಂದು ರಾತ್ರಿ ಹತ್ತು ಮೀಟರ್ ತಂತಿಯನ್ನು ಕಿಟಕಿಯಿಂದ ಆಚೆ ಎಸೆದು ಕುಳಿತೆ. ಮೊದಲು ಬರೀ ಕರಕರ. ಈಗಿನ ಎಲ್.ಇ.ಡಿ. ದೀಪಗಳೂ ಚಾರ್ಜರುಗಳೂ ಎಬ್ಬಿಸುವ ಗದ್ದಲ 1984ರಲ್ಲಿ ಇರಲಿಲ್ಲ. ಶ್ರೀಮತಿಯವರು ಏನೂ ಮಾತನಾಡದೆ ಮನೆಯ ದೀಪಗಳನ್ನೆಲ್ಲ ಆರಿಸುತ್ತಾ ಬಂದರು. ಕತ್ತಲಾದಂತೆ ಕಿವಿ ತಿಳಿಯಾಯಿತು. 7 ಮೆಗಾಹರ್ಟ್ಸ್‌ನ ಬಳಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಅದು ಕೇಳಿಸಿತು: ಡಾ ಡಿ ಡಾ ಡಿಟ್, ಡಾ ಡಾ ಡಿ ಡಾ. ಸಿ ಕ್ಯೂ. 'ಯಾರಾದರೂ ಇದ್ದೀರಾ?' ಎಂಬ ಕರೆ. ಕರೆಸಂಜ್ಞೆ 4ಎಸ್7 ಎಂದು ಆರಂಭವಾಯಿತು, ಶ್ರೀಲಂಕಾದವರು. ಉಳಿದ ಅಕ್ಷರಗಳಲ್ಲಿ ಅರ್ಧ ನನ್ನ ಕೈ ತಪ್ಪಿತು. ಎಷ್ಟೋ ವರ್ಷ ಮಾತನಾಡದ ಭಾಷೆಯಲ್ಲಿ ಯಾರೋ ಹೆಸರು ಹಿಡಿದು ಕೂಗಿದಂತೆ ಮೈ ಜುಮ್ಮೆಂದಿತು. ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಸುಮ್ಮನೆ ಕೇಳಿದೆ.

ಈಗ ಮತ್ತೆ ಪರೀಕ್ಷೆಗೆ ಓದಲು ಕುಳಿತಿದ್ದೇನೆ. ಅರ್ಜಿ ಹಾಕುವುದು ಈಗ ಅಂತರ್ಜಾಲದಲ್ಲಿಯೇ, ಅದನ್ನು ಮೊಮ್ಮಗ ನೋಡಿಕೊಳ್ಳುತ್ತಾನೆ. ಮಾರ್ಸ್ ಲಿಪಿ ಇಲ್ಲದೆಯೂ ಪಡೆಯಬಹುದಾದ ದರ್ಜೆಯಿದೆ. ಆದರೆ ನನಗೆ ಮಾರ್ಸ್ ಬೇಕು. ಪರವಾನಗಿ ಬರುವವರೆಗೆ ಕೀಲಿಗೆ ಏರಿಯಲ್ ಇಲ್ಲ, ಬರೀ ಅಭ್ಯಾಸದ ಗಂಟೆ.

ಪ್ರಿಯ ವಿದ್ಯಾರ್ಥಿಗಳೇ, ಬರುವ ಶನಿವಾರದಿಂದ ಪ್ರತಿ ಶನಿವಾರ ಸಂಜೆ ಏಳರ ಮೇಲೆ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ನಿಮ್ಮ ಮಕ್ಕಳನ್ನೂ ಕರೆತನ್ನಿ, ಕಾಫಿ ಇರುತ್ತದೆ. ರಿಪೇರಿ ಅಂಗಡಿಯವನು ಅಂದು ಬೇಗ ಬಾಗಿಲು ಹಾಕಿ ಬರುತ್ತೇನೆಂದಿದ್ದಾನೆ. ಎಸ್ಸೆಸ್ಸೆಲ್ಸಿ ಮುಗಿಯಿತೇ ಎಂದು ಈ ಸಲ ನಾನು ಯಾರನ್ನೂ ಕೇಳುವುದಿಲ್ಲ.